ಮುಟ್ಟು ನಿಲ್ಲುವ ಕಾಲದಲ್ಲಿ ಜೊಲ್ಲಿನ ಹಾರ್ಮೋನ್ ಪರೀಕ್ಷೆ

ಮುಟ್ಟು ಏರುಪೇರಾಗಿ, ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುವ ದಿನಗಳು ಶುರುವಾದರೆ, ಹಾರ್ಮೋನ್ ಎಷ್ಟಿದೆ ಎಂದು ಒಮ್ಮೆ ನೋಡಿಸಬೇಕು ಅನ್ನಿಸುವುದು ಸಹಜ. ಮನೆಗೇ ಬರುವ ಜೊಲ್ಲಿನ ಕಿಟ್ ಆಗ ಸುಲಭದ ದಾರಿಯಂತೆ ಕಾಣುತ್ತದೆ. ಸೂಜಿ ಚುಚ್ಚುವ ಗೋಜಿಲ್ಲ, ಟ್ಯೂಬಿಗೆ ಜೊಲ್ಲು ಬಿಟ್ಟು ಕಳಿಸಿದರೆ ಗ್ರಾಫ್ ಸಮೇತ ರಿಪೋರ್ಟ್ ಬರುತ್ತದೆ. ಆದರೆ ಆ ರಿಪೋರ್ಟ್ ನೋಡಿಕೊಂಡು ಹಾರ್ಮೋನ್ ಚಿಕಿತ್ಸೆ ಶುರುಮಾಡಬಾರದು, ಡೋಸ್ ಬದಲಿಸಲೂ ಬಾರದು. ಹೀಗೆ ಖಚಿತವಾಗಿ ಹೇಳಲು ಕಾರಣಗಳಿವೆ.

ಈಸ್ಟ್ರಾಡಯೋಲ್ ಅಂದರೆ ಅಂಡಾಶಯದಲ್ಲಿ ತಯಾರಾಗುವ ಮುಖ್ಯ ಈಸ್ಟ್ರೋಜನ್ ಹಾರ್ಮೋನ್. ರಕ್ತದಲ್ಲಿರುವ ಅದರ ಬಹುಪಾಲು ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿ ಓಡಾಡುವುದು ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಈ ಬಿಡಿ ಹಾರ್ಮೋನ್ ಜೊಲ್ಲುಗ್ರಂಥಿಯ ಜೀವಕೋಶಗಳನ್ನು ದಾಟಿ ಬಾಯಿಗೆ ಬರುತ್ತದೆ. ಇಲ್ಲಿಯವರೆಗೆ ತತ್ವ ಸರಿಯಾಗಿಯೇ ಇದೆ. ತೊಡಕಿರುವುದು ಪ್ರಮಾಣದಲ್ಲಿ. ಮುಟ್ಟು ನಿಂತ ಮೇಲೆ ರಕ್ತದಲ್ಲೇ ಈಸ್ಟ್ರಾಡಯೋಲ್ ಮಿಲಿಲೀಟರಿಗೆ 20 ಪಿಕೋಗ್ರಾಂ (ಒಂದು ಪಿಕೋಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಇಳಿದಿರುತ್ತದೆ. ಅದರ ನೂರರಲ್ಲಿ ಎರಡು ಪಾಲು ಅಂದರೆ ಅರ್ಧ ಪಿಕೋಗ್ರಾಂ ಕೂಡ ಆಗುವುದಿಲ್ಲ. ಇಷ್ಟು ಕಡಿಮೆ ಇರುವಲ್ಲಿ ಪ್ರತಿಕಾಯಗಳನ್ನು ಬಳಸಿ ಅಳೆಯುವ ಮಾಮೂಲಿ ಇಮ್ಯುನೊಅಸ್ಸೇ ವಿಧಾನ ತಡಕಾಡುತ್ತದೆ, ಹೋಲಿಕೆಯಿರುವ ಬೇರೆ ಸ್ಟೀರಾಯ್ಡ್‌ಗಳನ್ನೂ (ಈಸ್ಟ್ರಾಡಯೋಲ್ ಸೇರಿರುವ ಹಾರ್ಮೋನ್ ಗುಂಪು ಇದು) ಈಸ್ಟ್ರಾಡಯೋಲ್ ಎಂದೇ ಎಣಿಸಬಹುದು. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಬಳಸುವ ಲ್ಯಾಬ್ ಈ ವಿಷಯದಲ್ಲಿ ಮೇಲು. ಎರಡು ಲ್ಯಾಬ್‌ಗಳ ವಿಧಾನ ಬೇರೆಯಾದರೆ ಅವುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಅಂಡಾಶಯವನ್ನು ಕೆಲಸಕ್ಕೆ ಹಚ್ಚಲು ಮೆದುಳಿನಡಿಯ ಗ್ರಂಥಿ ಕಳಿಸುವ ಎಫ್‌ಎಸ್‌ಎಚ್ ಅಂತೂ ದೊಡ್ಡ ಪ್ರೋಟೀನ್ ಹಾರ್ಮೋನ್. ಸ್ಟೀರಾಯ್ಡ್‌ಗಳಂತೆ ಅದು ಜೊಲ್ಲಿಗೆ ಸಲೀಸಾಗಿ ದಾಟುವುದಿಲ್ಲ, ಹಾಗಾಗಿ ಅದಕ್ಕೆ ರಕ್ತವನ್ನೇ ಕೊಡಬೇಕು.

ಅಳತೆ ನಿಖರವಾಗಿದೆ ಎಂದೇ ಇಟ್ಟುಕೊಂಡರೂ ಇನ್ನೊಂದು ಸಮಸ್ಯೆ ಉಳಿಯುತ್ತದೆ. ಮುಟ್ಟು ಪೂರ್ತಿ ನಿಲ್ಲುವುದಕ್ಕೆ ಮುಂಚಿನ ವರ್ಷಗಳಲ್ಲಿ ಅಂಡಾಶಯ ಒಂದೇ ಲಯದಲ್ಲಿ ಕೆಲಸ ಮಾಡುವುದಿಲ್ಲ. ಈ ವಾರ ಈಸ್ಟ್ರಾಡಯೋಲ್ ಎತ್ತರಕ್ಕೇರಿರುತ್ತದೆ, ಮುಂದಿನ ವಾರ ನೆಲ ಕಚ್ಚಿರುತ್ತದೆ. ಅಂಡ ಬಿಡುಗಡೆಯಾದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ, ಆಗದ ತಿಂಗಳಲ್ಲಿ ಏರುವುದೇ ಇಲ್ಲ. ಒಂದು ಬೆಳಗಿನ ಜೊಲ್ಲು ಹೇಳುವುದು ಆ ಬೆಳಗಿನ ಸುದ್ದಿಯನ್ನಷ್ಟೇ. ಆದ್ದರಿಂದಲೇ 45 ದಾಟಿದ ಮಹಿಳೆಯರಲ್ಲಿ ಲಕ್ಷಣ ಮತ್ತು ಮುಟ್ಟಿನ ಬದಲಾವಣೆ ನೋಡಿಯೇ ನಿರ್ಧರಿಸಿ, ಹಾರ್ಮೋನ್ ಪರೀಕ್ಷೆ ಬೇಡ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿದ್ದು. ಜೊಲ್ಲು, ರಕ್ತ, ಮೂತ್ರ ಯಾವುದನ್ನೇ ಪರೀಕ್ಷಿಸಿ ಒಬ್ಬೊಬ್ಬರಿಗೂ ಡೋಸ್ ಹೊಂದಿಸಿದರೆ ಹೆಚ್ಚು ಗುಣ ಅಥವಾ ಸುರಕ್ಷತೆ ಸಿಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಸ್ತ್ರೀರೋಗ ತಜ್ಞರ ವೃತ್ತಿಸಂಸ್ಥೆ 2012ರಲ್ಲಿ ಹೇಳಿತು.

ಎಲ್ಲಕ್ಕಿಂತ ಅಪಾಯದ ಜಾಗ ಪ್ರೊಜೆಸ್ಟರಾನ್ ಕ್ರೀಮ್. ಚರ್ಮಕ್ಕೆ ಹಚ್ಚಿಕೊಂಡವರ ಜೊಲ್ಲಿನಲ್ಲಿ ಪ್ರೊಜೆಸ್ಟರಾನ್ ವಿಪರೀತ ಏರಿ ಕಾಣುತ್ತದೆ, ಅದೇ ಹೊತ್ತಿಗೆ ರಕ್ತದಲ್ಲಿ ಕಡಿಮೆಯೇ ಇರುತ್ತದೆ. ರಿಪೋರ್ಟ್ ನೋಡಿದವರು "ಇಷ್ಟೊಂದಿದೆ, ಸಾಕು" ಅಂದುಕೊಳ್ಳುತ್ತಾರೆ. ಗರ್ಭಕೋಶ ಇರುವ ಮಹಿಳೆ ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದರೆ, ಗರ್ಭಕೋಶದ ಒಳಪದರ ದಪ್ಪವಾಗದಂತೆ ತಡೆಯಲು ಜೊತೆಗೆ ಸಾಕಷ್ಟು ಪ್ರೊಜೆಸ್ಟರಾನ್ ಬೇಕೇ ಬೇಕು. ಜೊಲ್ಲಿನ ಅಂಕಿ ನಂಬಿ ಅದನ್ನು ತಗ್ಗಿಸಿದರೆ ಒಳಪದರಕ್ಕೆ ಕಾವಲಿಲ್ಲ, ಮುಂದೆ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚುತ್ತದೆ. ಈ ಒಂದು ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ನಾಲಿಗೆಯಡಿ ಇಡುವ ಹಾರ್ಮೋನ್ ಗುಳಿಗೆಯಾದರೆ ಔಷಧಿ ನೇರ ಬಾಯಲ್ಲೇ ಉಳಿದಿರುತ್ತದೆ, ಆಗ ಜೊಲ್ಲಿನ ಪರೀಕ್ಷೆಗೆ ಅರ್ಥವೇ ಇಲ್ಲ. ಹಾರ್ಮೋನ್ ಜೆಲ್ ಹಚ್ಚಿದ ಬೆರಳಿನಿಂದ ಟ್ಯೂಬಿನ ಅಂಚು ಮುಟ್ಟಿದರೂ ಅಂಕಿ ಜಿಗಿಯುತ್ತದೆ.

ಜೊಲ್ಲಿನ ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬರುವುದು ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್ ವಿಷಯದಲ್ಲಿ. ಮೈಯಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯ ಅನುಮಾನವಿದ್ದರೆ ರಾತ್ರಿ 11ರಿಂದ 12ರ ನಡುವೆ, ಕನಿಷ್ಠ ಎರಡು ರಾತ್ರಿ ಜೊಲ್ಲು ತೆಗೆದು ನೋಡುತ್ತಾರೆ. ಆರೋಗ್ಯವಂತರಲ್ಲಿ ಆ ಹೊತ್ತಿಗೆ ಕಾರ್ಟಿಸಾಲ್ ತಳಕ್ಕಿಳಿದಿರಬೇಕು. ನುಂಗುವ ಈಸ್ಟ್ರೋಜನ್ ಮಾತ್ರೆ ಕಾರ್ಟಿಸಾಲ್ ಹೊರುವ ಪ್ರೋಟೀನನ್ನು ಹೆಚ್ಚಿಸುವುದರಿಂದ ರಕ್ತದ ಒಟ್ಟು ಅಂಕಿ ಸುಳ್ಳಾಗಿ ಏರುತ್ತದೆ. ಅಂಥವರಿಗೆ ಬಿಡಿ ಭಾಗವನ್ನಷ್ಟೇ ತೋರಿಸುವ ಜೊಲ್ಲೇ ವಾಸಿ. ರಾತ್ರಿ ಪಾಳಿಯವರಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಸಿಗರೇಟು ಮತ್ತು ಜ್ಯೇಷ್ಠಮಧು ಎರಡೂ ಫಲಿತಾಂಶ ಕೆಡಿಸುತ್ತವೆ. ದಿನಕ್ಕೆ ನಾಲ್ಕು ಟ್ಯೂಬ್ ತುಂಬಿಸಿಕೊಂಡು "ಅಡ್ರಿನಲ್ ಸುಸ್ತು" (ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ದಣಿದಿದೆ) ಎಂದು ಹೆಸರಿಡುವುದು ಬೇರೆಯೇ ಮಾತು. ಆ ಹೆಸರಿನ ಕಾಯಿಲೆಯನ್ನು ಹಾರ್ಮೋನ್ ತಜ್ಞರು ಒಪ್ಪಿಲ್ಲ.

ವೈದ್ಯರೇ ಜೊಲ್ಲು ಕೇಳಿದ್ದಾರೆ ಅನ್ನಿ. ಆಗ ತೆಗೆಯುವ ಕ್ರಮದಲ್ಲಿ ಎಡವಬಾರದು. ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ, ಹಲ್ಲುಜ್ಜಬೇಡಿ, ತುಟಿಗೆ ಏನೂ ಹಚ್ಚಬೇಡಿ. ಹತ್ತು ನಿಮಿಷ ಮುಂಚೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮುಕ್ಕಳಿಸಿದ ತಕ್ಷಣ ತೆಗೆದರೆ ನೀರು ಬೆರೆತು ತೆಳುವಾಗುತ್ತದೆ. ಕೈ ಸೋಪಿನಲ್ಲಿ ತೊಳೆದು, ತಲೆ ತುಸು ಬಗ್ಗಿಸಿ, ಜೊಲ್ಲು ತಾನಾಗಿ ಟ್ಯೂಬಿಗೆ ಇಳಿಯಲು ಬಿಡಿ. ಕ್ಯಾಕರಿಸಿ ಉಗುಳಬೇಡಿ. ಸಾಮಾನ್ಯವಾಗಿ 1ರಿಂದ 2 ಮಿಲಿಲೀಟರ್ ಬೇಕಾಗುತ್ತದೆ, ನೊರೆ ಲೆಕ್ಕಕ್ಕಿಲ್ಲ. ಜೊಲ್ಲು ಬರಲೆಂದು ಚೂಯಿಂಗ್ ಗಮ್ಮೋ ನಿಂಬೆಯೋ ಬಳಸಿದರೆ ಅದರಲ್ಲಿರುವ ಅಂಶ ಪರೀಕ್ಷೆಯ ರಸಾಯನವನ್ನೇ ಏರುಪೇರು ಮಾಡಬಹುದು. ಹತ್ತಿಯ ಉಂಡೆಯಿಂದ ಹೀರಿಸುವ ಕಿಟ್ ಈಸ್ಟ್ರಾಡಯೋಲ್, ಪ್ರೊಜೆಸ್ಟರಾನ್, ಟೆಸ್ಟೋಸ್ಟಿರಾನ್‌ಗಳಿಗೆ ಬೇಡ, ಹತ್ತಿಯಿಂದಲೇ ಅಂಕಿ ತಪ್ಪಾಗುತ್ತದೆ. ಟ್ಯೂಬ್ ಪಾಲಿಪ್ರೊಪಿಲೀನ್‌ನದ್ದಾಗಿರಲಿ, ಏಕೆಂದರೆ ಪಾಲಿಸ್ಟೈರೀನ್ ಗೋಡೆಗೆ ಸ್ಟೀರಾಯ್ಡ್ ಅಂಟಿಕೊಳ್ಳುತ್ತದೆ. ಫ್ರೀಜರಿನಲ್ಲಿ ಇಡಬೇಕೆಂದಿದ್ದರೆ ಕಂಠದವರೆಗೆ ತುಂಬಬೇಡಿ, ಹೆಪ್ಪುಗಟ್ಟುವಾಗ ಹಿಗ್ಗಿ ಮುಚ್ಚಳ ಸಡಿಲವಾದೀತು. ತೆಗೆದ ಗಂಟೆ, ನಿಮಿಷವನ್ನು ಟ್ಯೂಬಿನ ಮೇಲೆಯೇ ಬರೆಯಿರಿ.

ವಸಡಿನ ರಕ್ತದ ಬಗ್ಗೆ ವಿಶೇಷ ಎಚ್ಚರ ಬೇಕು. ರಕ್ತದಲ್ಲಿ ಹಾರ್ಮೋನ್ ಜೊಲ್ಲಿಗಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ ಒಂದಿಷ್ಟು ಬೆರೆತರೂ ಫಲಿತಾಂಶ ಹುಸಿಯಾಗುತ್ತದೆ. ಜೊಲ್ಲು ನಸುಗೆಂಪಾಗಿ ಕಂಡರೆ ಚೆಲ್ಲಿ, ಇನ್ನೊಂದು ದಿನ ತೆಗೆಯಿರಿ. ಬಾಯಿ ಒಣಗುವುದು ಮತ್ತು ವಸಡಿನ ತೊಂದರೆ ಎರಡೂ ಇದೇ ವಯಸ್ಸಿನಲ್ಲಿ ಹೆಚ್ಚು. ಹಾಗಾಗಿ ಈ ಪರೀಕ್ಷೆಯನ್ನು ಯಾರಿಗೆ ಮಾರಲಾಗುತ್ತದೋ ಅವರಿಂದಲೇ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಹಾಗಾದರೆ ಯಾವ ಪರೀಕ್ಷೆ? 40 ತುಂಬುವ ಮೊದಲೇ ಮುಟ್ಟು ನಿಂತಂತಿದ್ದರೆ ತಡಮಾಡದೆ ರಕ್ತದ ಎಫ್‌ಎಸ್‌ಎಚ್ ಮಾಡಿಸಬೇಕು. ಅದು ಅಂಡಾಶಯ ಬೇಗ ಸೋತಿರುವುದರ ಸೂಚನೆಯಾಗಿರಬಹುದು, ಮೂಳೆ ಮತ್ತು ಹೃದಯದ ಕಾಳಜಿಗೆ ಆ ಸುದ್ದಿ ಬೇಕು. 40ರಿಂದ 45ರ ಒಳಗಿನವರಿಗೂ ವೈದ್ಯರು ಅದನ್ನು ಹೇಳಬಹುದು. ಸುಸ್ತು, ಎದೆ ಬಡಿತ, ಕೂದಲು ಉದುರುವುದು ಇದ್ದರೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಹಿಮೋಗ್ಲೋಬಿನ್ ನೋಡಿಸುವುದು ಜೊಲ್ಲಿಗಿಂತ ಎಷ್ಟೋ ಉಪಯುಕ್ತ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ, ಕೆಲವು ರಕ್ತಪರೀಕ್ಷೆಗಳನ್ನು ಅದು ದಾರಿ ತಪ್ಪಿಸುತ್ತದೆ.

ಚಿಕಿತ್ಸೆ ಸಾಲುತ್ತಿದೆಯೇ ಎಂದು ಅಳೆಯಲು ಒಂದು ನೋಟ್‌ಬುಕ್ ಸಾಕು. ದಿನಕ್ಕೆ ಎಷ್ಟು ಸಲ ಮೈ ಬಿಸಿಯೇರಿತು, ರಾತ್ರಿ ಎಷ್ಟು ಬಾರಿ ಎಚ್ಚರವಾಯಿತು, ರಕ್ತಸ್ರಾವ ಯಾವ ದಿನ, ಎಷ್ಟು ಎಂದು ಬರೆದಿಟ್ಟು ಮೂರು ತಿಂಗಳಿಗೆ ವೈದ್ಯರ ಮುಂದಿಡಿ. ಚಿಕಿತ್ಸೆಯಲ್ಲಿ ಇಲ್ಲದವರಿಗೆ ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ಮೂರು ತಿಂಗಳು ಕಾಯಬೇಡಿ, ಕೂಡಲೇ ತೋರಿಸಿ.