ಹಿಟ್ಲರ್ ಕಾಲದ ಕಂಪನಿಗಳ ಜಾಡಿನಲ್ಲಿ: ಫ್ರಾಂಕ್‌ಫರ್ಟ್‌ನಿಂದ ನ್ಯೂರೆಂಬರ್ಗ್‌ವರೆಗೆ

ಜರ್ಮನಿಗೆ ಹೋಗುವ ನಮ್ಮವರು ಬರ್ಲಿನ್ ಗೋಡೆ ನೋಡುತ್ತಾರೆ, ಪುರುಸೊತ್ತಿದ್ದರೆ ನಾಜಿಗಳು ಕೈದಿಗಳನ್ನಿಟ್ಟಿದ್ದ ಒಂದು ಕ್ಯಾಂಪ್ ನೋಡುತ್ತಾರೆ, ಅಲ್ಲಿಗೆ ಇತಿಹಾಸ ಮುಗೀತು. ಆದರೆ ಹಿಟ್ಲರ್‌ಗೆ ದುಡ್ಡು ಕೊಟ್ಟವರು ಯಾರು, ಅವನ ಕಾಲದಲ್ಲಿ ದುಡ್ಡು ಮಾಡಿಕೊಂಡವರು ಯಾರು ಅನ್ನೋದನ್ನೂ ರೈಲಲ್ಲಿ ಸುತ್ತಿ ನೋಡಬಹುದು. ನಾನು ಹೋದ ದಾರಿ ಇದು: ಫ್ರಾಂಕ್‌ಫರ್ಟ್, ಎಸ್ಸೆನ್, ಬರ್ಲಿನ್, ಎರ್‌ಫುರ್ಟ್, ನ್ಯೂರೆಂಬರ್ಗ್. ಅಲ್ಲಿಂದ ವಾಪಸ್ ಫ್ರಾಂಕ್‌ಫರ್ಟ್. ಬೆಂಗಳೂರಿನಿಂದ ನೇರ ವಿಮಾನ ಇರುವುದರಿಂದ ಇದೇ ಸಲೀಸು.

ಮೊದಲು ಕ್ಯಾಲೆಂಡರ್ ನೋಡಿ. ಸೋಮವಾರ ಇಲ್ಲಿನ ಬಹುಪಾಲು ಮ್ಯೂಸಿಯಂಗಳಿಗೆ ರಜೆ, ನ್ಯೂರೆಂಬರ್ಗ್‌ನದ್ದಕ್ಕೆ ಮಂಗಳವಾರ ರಜೆ. ಹಾಗಾಗಿ ಸೋಮವಾರವನ್ನು ಫ್ರಾಂಕ್‌ಫರ್ಟ್‌ಗೆ ಇಟ್ಟುಕೊಳ್ಳಿ, ಯಾಕೆಂದರೆ ಅಲ್ಲಿ ನೋಡಬೇಕಾದದ್ದು ಈಗ ವಿಶ್ವವಿದ್ಯಾಲಯ.

ಐ.ಜಿ. ಫಾರ್ಬೆನ್ ಕಂಪನಿಯ ಮುಖ್ಯ ಕಚೇರಿ ಅದು. ಬಾಯರ್, ಬಿಎಎಸ್ಎಫ್, ಹೋಕ್ಸ್ಟ್ ಎಲ್ಲ ಸೇರಿ 1925ರಲ್ಲಿ ಆದ ದೈತ್ಯ ರಾಸಾಯನಿಕ ಕಂಪನಿ. ಹಾನ್ಸ್ ಪೋಲ್ಸಿಗ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಬಾಗಿದ ಉದ್ದನೆಯ ಕಟ್ಟಡ, ನಿಜ ಹೇಳಬೇಕೆಂದರೆ ತುಂಬಾ ಚೆನ್ನಾಗಿದೆ. ಯುದ್ಧದ ನಂತರ ಅಮೆರಿಕದ ಸೇನೆ ಇಲ್ಲಿತ್ತು, 2001ರಿಂದ ಗೋಯ್ಥೆ ವಿಶ್ವವಿದ್ಯಾಲಯ ಇದೆ. ಹೋಲ್ಸ್‌ಹೌಸನ್‌ಸ್ಟ್ರಾಸೆ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆಯಿರಿ. ಕಟ್ಟಡ ನೋಡಿ ಸೀದಾ ವಾಪಸ್ ಬರಬೇಡಿ, ಕ್ಯಾಂಪಸ್‌ನ ಮೂಲೆಯಲ್ಲಿ ಒಂದು ಪುಟ್ಟ ಕಾವಲುಗಾರರ ಮನೆ ಇದೆ, ಅದರ ಮೇಲೆ 107984 ಅಂತ ಬರೆದಿದೆ. ಪೋಲೆಂಡಿನಲ್ಲಿದ್ದ ನಾಜಿ ಕ್ಯಾಂಪ್ ಔಶ್ವಿಟ್ಸ್ ಪಕ್ಕದ ಮೊನೊವಿಟ್ಸ್‌ನಲ್ಲಿ ಈ ಕಂಪನಿಯ ಕಾರ್ಖಾನೆಗಾಗಿ ದುಡಿಸಿಕೊಂಡ ನಾರ್ಬರ್ಟ್ ವೋಲ್‌ಹೈಮ್ ಅವರ ಕೈದಿ ಸಂಖ್ಯೆ ಅದು. ಬದುಕಿ ಬಂದ ಅವರು 1951ರಲ್ಲಿ ಕೂಲಿ ಕೊಡಿ ಅಂತ ಕಂಪನಿ ಮೇಲೆ ಕೇಸು ಹಾಕಿದರು, 1953ರಲ್ಲಿ 10,000 ಮಾರ್ಕ್ (ಆಗಿನ ಜರ್ಮನ್ ಹಣ) ಗೆದ್ದರು. ಒಬ್ಬರ ಕೇಸಿನಿಂದ ಶುರುವಾಗಿ 1957ರಲ್ಲಿ 3 ಕೋಟಿ ಮಾರ್ಕ್‌ಗಳ ಒಪ್ಪಂದ ಆಯಿತು. ಸುತ್ತ ಮರಗಳ ನಡುವೆ ಕೈದಿಗಳ ಹಳೆಯ ಫೋಟೋಗಳಿವೆ, ಕ್ಯಾಂಪಿನವಲ್ಲ, ಅದಕ್ಕೂ ಮೊದಲು ಮನೆಮಂದಿ ಜೊತೆ ನಗುತ್ತಾ ನಿಂತಾಗ ತೆಗೆದವು. ಒಳಗೆ ಬದುಕುಳಿದವರ ಮಾತುಗಳ ವಿಡಿಯೋ ಇದೆ. ಇಲ್ಲಿ ಅರ್ಧ ದಿನ ಇಡಿ.

ಎಸ್ಸೆನ್‌ನಲ್ಲಿ ಉಕ್ಕು, ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಕ್ರುಪ್ ಮನೆತನದ ವಿಲ್ಲಾ ಹ್ಯೂಗೆಲ್ ಇದೆ. 269 ಕೋಣೆಗಳ ಬಂಗಲೆ. ಎಸ್6 ಲೋಕಲ್ ರೈಲು ಹತ್ತಿ ಹ್ಯೂಗೆಲ್ ಸ್ಟೇಷನ್‌ನಲ್ಲಿ ಇಳಿದರೆ ಗೇಟಿನ ಹತ್ತಿರವೇ. ಹೊರಡುವ ಮೊದಲು ತೆರೆದಿದೆಯಾ ಅಂತ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ದೊಡ್ಡ ಮನೆಯ ಮರಗೆಲಸಕ್ಕಿಂತ ಪಕ್ಕದ ಚಿಕ್ಕ ಮನೆಯಲ್ಲಿರುವ ಇತಿಹಾಸದ ಪ್ರದರ್ಶನಕ್ಕೆ ಜಾಸ್ತಿ ಸಮಯ ಕೊಡಿ. ಸಮಯ ಉಳಿದರೆ ಟ್ರಾಮ್ 107 ಹಿಡಿದು ಸೋಲ್‌ಫರೈನ್ ಕಲ್ಲಿದ್ದಲು ಗಣಿಗೆ ಹೋಗಬಹುದು.

ಬರ್ಲಿನ್‌ನಲ್ಲಿ ನಾನು ಹುಡುಕಿಕೊಂಡು ಹೋದ ಮುಖ್ಯ ಜಾಗಕ್ಕೆ ಪ್ರವಾಸಿಗರು ಬೆನ್ನು ಹಾಕಿ ನಿಂತಿರುತ್ತಾರೆ. ಸಂಸತ್ ಭವನ ರೈಶ್‌ಸ್ಟಾಗ್‌ನ ಹಿಂಬದಿಗೆ, ಅಂದರೆ ಪೂರ್ವಕ್ಕೆ ಬನ್ನಿ. ಎದುರಿಗೇ ಇರುವ ಹಳೇ ಕಟ್ಟಡ ಸಭಾಧ್ಯಕ್ಷರ ಅಧಿಕೃತ ನಿವಾಸ ಆಗಿತ್ತು, ಹಿಟ್ಲರ್ ಕಾಲದಲ್ಲಿ ಆ ಹುದ್ದೆಯಲ್ಲಿದ್ದವನು ಅವನ ಆಪ್ತ ನಾಜಿ ನಾಯಕ ಗೋರಿಂಗ್. ಈಗ ಸಂಸದರ ಕ್ಲಬ್ಬು, ಒಳಗೆ ಬಿಡುವುದಿಲ್ಲ, ಹೊರಗೇ ನಿಂತು ನೋಡಬೇಕು. 1933ರ ಫೆಬ್ರವರಿ 20ರ ಸಂಜೆ ಸುಮಾರು ಎರಡು ಡಜನ್ ಉದ್ಯಮಿಗಳನ್ನು ಇಲ್ಲಿಗೆ ಕರೆದರು. ಹಿಟ್ಲರ್ ಭಾಷಣ ಮಾಡಿದ, ಗುಸ್ತಾವ್ ಕ್ರುಪ್ ಎಲ್ಲರ ಪರವಾಗಿ ಧನ್ಯವಾದ ಹೇಳಿದ. ಮಾರ್ಚ್ 5ರ ಚುನಾವಣೆಯೇ ಕೊನೆಯದು, ಮುಂದೆ ಹತ್ತು ವರ್ಷ, ಬಹುಶಃ ನೂರು ವರ್ಷ ಚುನಾವಣೆ ಇರುವುದಿಲ್ಲ ಅಂತ ಗೋರಿಂಗ್ ಹೇಳಿದ. ಆಮೇಲೆ ಚಂದಾ ಎತ್ತಿದರು: 30 ಲಕ್ಷ ಮಾರ್ಕ್‌ಗೆ ಮಾತು ಕೊಟ್ಟರು, ಅದರಲ್ಲಿ ಐ.ಜಿ. ಫಾರ್ಬೆನ್ ಒಂದೇ 4 ಲಕ್ಷ ಕೊಟ್ಟಿತು. ಫ್ರಾಂಕ್‌ಫರ್ಟ್‌ನ ಅದೇ ಚೆಂದದ ಕಟ್ಟಡದವರು.

ಬಂಡವಾಳಿಗರೇ ಹಿಟ್ಲರ್‌ನನ್ನು ಕುರ್ಚಿ ಮೇಲೆ ಕೂರಿಸಿದರು ಅಂತ ನಮ್ಮಲ್ಲಿ ಸುಲಭವಾಗಿ ಹೇಳಿಬಿಡ್ತಾರೆ, ಅಲ್ವಾ? ದಿನಾಂಕ ನೋಡಿ. ಅವನು ಜನವರಿ 30ರಂದೇ ಚಾನ್ಸಲರ್ ಆಗಿದ್ದ. ಉಕ್ಕಿನ ಉದ್ಯಮಿ ಫ್ರಿಟ್ಸ್ ಥೈಸೆನ್‌ನಂಥ ಕೆಲವರು ಮೊದಲಿನಿಂದ ಜೊತೆಗಿದ್ದರು ನಿಜ, ಆದರೆ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ದುಡ್ಡು ಹಾಕುತ್ತಿದ್ದದ್ದು ಬೇರೆ ಬಲಪಂಥೀಯ ಪಕ್ಷಗಳಿಗೆ. ಗೆದ್ದವನ ಮನೆಗೆ ಬಂದು, ಚುನಾವಣೆಯೇ ಇರಲ್ಲ ಅಂತ ಕಿವಿಯಾರೆ ಕೇಳಿಸಿಕೊಂಡು, ಆಮೇಲೆ ಜೇಬಿಗೆ ಕೈ ಹಾಕಿದರು. ನನಗೆ ಇದೇ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಬರ್ಲಿನ್‌ನಲ್ಲಿ ಇನ್ನೊಂದು ದಿನ ಇದ್ದರೆ ಶೋನೆವೈಡೆಗೆ ಹೋಗಿ. ಬಲವಂತದ ಕೂಲಿಗಳನ್ನು ಇಟ್ಟಿದ್ದ ಬ್ಯಾರಕ್‌ಗಳು ವಸತಿ ಪ್ರದೇಶದ ಮಧ್ಯದಲ್ಲೇ ಉಳಿದಿವೆ. ಪ್ರವೇಶ ಉಚಿತ. ಆಗ ಬರ್ಲಿನ್ ಒಂದರಲ್ಲೇ ಇಂಥ ಸುಮಾರು 3,000 ಬಿಡಾರಗಳಿದ್ದವು, ಹಾಗಾಗಿ ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ ಅನ್ನೋ ಮಾತು ನಂಬುವುದು ಕಷ್ಟ.

ಎರ್‌ಫುರ್ಟ್‌ನಲ್ಲಿ ಟೋಫ್ ಉಂಡ್ ಸೋನೆ. ದೊಡ್ಡ ಕಂಪನಿಯೇನಲ್ಲ, ಕುಟುಂಬದ ಸಂಸ್ಥೆ. ಬುಖೆನ್‌ವಾಲ್ಡ್ ಮತ್ತು ಔಶ್ವಿಟ್ಸ್ ಕ್ಯಾಂಪ್‌ಗಳಿಗೆ ಹೆಣ ಸುಡುವ ಒಲೆಗಳನ್ನು ಮಾಡಿಕೊಟ್ಟವರು ಇವರು. ಇಂಜಿನಿಯರುಗಳು ನಕ್ಷೆ ಬರೆಯುತ್ತಿದ್ದ ಕಚೇರಿಯೇ ಈಗ ಮ್ಯೂಸಿಯಂ, ಕಿಟಕಿಯಿಂದ ಬುಖೆನ್‌ವಾಲ್ಡ್ ಇದ್ದ ಗುಡ್ಡ ಕಾಣುತ್ತದೆ. ಪತ್ರಗಳು, ಬಿಲ್ಲುಗಳು, ಬಾಕಿ ವಸೂಲಿಯ ಕಾಗದಗಳು ಎಲ್ಲ ಮಾಮೂಲಿ ವ್ಯವಹಾರದ ಭಾಷೆಯಲ್ಲಿವೆ. ಇದಕ್ಕೂ ಟಿಕೆಟ್ ಇಲ್ಲ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಇದನ್ನು ಬಿಡಿ.

ರೈಲಿನ ವಿಷಯ: ಐಸಿಇ ಅನ್ನೋ ವೇಗದ ರೈಲಿನ ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ರೈಲು ಬದಲಿಸುವ ಕಡೆ ಅರ್ಧ ಗಂಟೆಯಾದರೂ ಅಂತರ ಇಡಿ, ಜರ್ಮನಿಯ ರೈಲು ಅಂದರೆ ಗಡಿಯಾರ ಅನ್ನೋ ಕಾಲ ಹೋಯಿತು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್‌ಗಳ ಒಳಗಿನವು ಮಾತ್ರ ತೆರೆದಿರುತ್ತವೆ. ಸಸ್ಯಾಹಾರಿಗಳಿಗೆ ಟರ್ಕಿಯವರ ಅಂಗಡಿಯ ಫಲಾಫೆಲ್ ಎಲ್ಲ ಊರಲ್ಲೂ ಕೈ ಹಿಡಿಯುತ್ತದೆ.

ನ್ಯೂರೆಂಬರ್ಗ್‌ನಲ್ಲಿ ಯು1 ಮೆಟ್ರೋ ಹಿಡಿದು ಬೇರೆನ್‌ಶಾಂಟ್ಸೆಯಲ್ಲಿ ಇಳಿಯಿರಿ. ಎಲ್ಲರೂ ಬರುವುದು ಯುದ್ಧದ ನಂತರ ನಾಜಿ ನಾಯಕರ ವಿಚಾರಣೆಯಲ್ಲಿ ಗೋರಿಂಗ್ ನಿಂತಿದ್ದ 600ನೇ ನಂಬರಿನ ಕೋರ್ಟು ನೋಡಲು. ಇಂಗ್ಲಿಷ್ ಆಡಿಯೋ ಗೈಡ್ ಸಿಗುತ್ತದೆ. ಕೋರ್ಟು ನೋಡಿದ ಮೇಲೆ ಉದ್ಯಮಿಗಳ ಮೊಕದ್ದಮೆಗಳ ಭಾಗವನ್ನು ಬಿಡದೆ ಓದಿ. ಗುಸ್ತಾವ್ ಕ್ರುಪ್‌ನನ್ನು ಕಾಯಿಲೆ ಅಂತ ಬಿಟ್ಟರು. ಮಗ ಆಲ್ಫ್ರೀಡ್‌ಗೆ 1948ರಲ್ಲಿ 12 ವರ್ಷ ಜೈಲು, ಆಸ್ತಿ ಮುಟ್ಟುಗೋಲು. 1951ರಲ್ಲಿ ಅಮೆರಿಕನ್ನರು ಬಿಡುಗಡೆ ಮಾಡಿ ಆಸ್ತಿಯನ್ನೂ ವಾಪಸ್ ಕೊಟ್ಟರು. ಐ.ಜಿ. ಫಾರ್ಬೆನ್‌ನ ಫ್ರಿಟ್ಸ್ ಟೆರ್ ಮೇರ್‌ಗೆ 7 ವರ್ಷ ಆಗಿತ್ತು, 1956ರಲ್ಲಿ ಅವನು ಬಾಯರ್ ಕಂಪನಿಯ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷನಾದ.