ಸಿಜೆ3ಬಿ ಜೀಪು: 45ರ ನಡುಕ ಕೊನೆಗೂ ನಿಂತಿತು

ಕೊನೆಗೂ ನಿಂತಿತು. ನಮ್ಮ ಹಳೇ ಸಿಜೆ3ಬಿ ಜೀಪಿನ ಮುಂದಿನ ಗಾಲಿಗಳ ನಡುಕ. ಸಕಲೇಶಪುರದ ಕಡೆಯ ಅದೇ ಇಳಿಜಾರು, ಅದೇ ಮೋರಿ ಪಕ್ಕದ ಗುಂಡಿ, ಅದೇ 45 ಕಿ.ಮೀ. ವೇಗ. ಸ್ಟೀರಿಂಗ್ ಒಮ್ಮೆ ಅಲುಗಿ ತನ್ನಷ್ಟಕ್ಕೆ ನೆಟ್ಟಗಾಯಿತು. ಎರಡು ತಿಂಗಳ ಹಿಂದೆ ಇದೇ ಗುಂಡಿಗೆ ಮುಂದಿನ ಎರಡು ಗಾಲಿಗಳೂ ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತಿದ್ದವು, ಬಾನೆಟ್ಟಿನ ಮೇಲಿನ ಕೊಂಡಿ ತಾನೇ ಬಿಚ್ಚಿಕೊಳ್ಳುತ್ತಿತ್ತು, ಜೀಪನ್ನು ಪೂರ್ತಿ ನಿಲ್ಲಿಸದೆ ನಡುಕ ಬಿಡುತ್ತಿರಲಿಲ್ಲ.

ಬಾಡಿ, ವೈರಿಂಗ್, ರೇಡಿಯೇಟರು, ಟ್ಯಾಂಕು ತೊಳೆದದ್ದು, ಇವೆಲ್ಲ ಎಲ್ಲ ಜೀಪಿಗೂ ಇರುವ ಕೆಲಸ, ಬಿಡೋಣ. ಮುಂದಿನ ಆಕ್ಸಲ್ ಒಂದರ ಬಗ್ಗೆಯೇ ಈ ಬಾರಿ ಬರೆಯಬೇಕು. ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ಓಡುತ್ತಿರುವ ಹಳೇ ಜೀಪುಗಳಲ್ಲಿ ಈ ಕಾಯಿಲೆ ಸಾಮಾನ್ಯ. ಅದಕ್ಕೆ ಹೇಳುವ ಮದ್ದು ಮಾತ್ರ ಎಲ್ಲ ಕಡೆಯೂ ಒಂದೇ: ‘ಒಂದು ಸ್ಟೀರಿಂಗ್ ಡ್ಯಾಂಪರ್ ಹಾಕಿಬಿಡಿ.’ ಅಂದರೆ ಸ್ಟೀರಿಂಗಿನ ಅಲುಗಾಟ ತಡೆಯುವ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ದಯವಿಟ್ಟು ಮೊದಲಿಗೇ ಅದನ್ನು ಹಾಕಬೇಡಿ. ಡ್ಯಾಂಪರ್ ನಡುಕವನ್ನು ಅಡಗಿಸುತ್ತದೆ, ಸವೆದ ಭಾಗ ಒಳಗೇ ಸವೆಯುತ್ತ ಹೋಗುತ್ತದೆ. ಡ್ಯಾಂಪರಿನ ಎಣ್ಣೆ ಸೋರಿದ ದಿನ ನಡುಕ ಮೊದಲಿಗಿಂತ ಜೋರಾಗಿ ಮರಳುತ್ತದೆ, ಅದೂ ಘಾಟಿಯಲ್ಲಿ.

ಮೊದಲು ಮಾಡಿದ್ದು ಬೆರಳಿನ ಪರೀಕ್ಷೆ. ಇದಕ್ಕೆ ಮನೆಯವರೆಲ್ಲ ಬೇಕು. ಎಂಜಿನ್ ಆಫ್, ಗಾಲಿ ನೆಲದ ಮೇಲೆ. ಒಬ್ಬರು ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಗೇಣಿನಷ್ಟು ಎಡಬಲ ಆಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ, ಎರಡು ಭಾಗಗಳಿಗೂ ತಾಗುವಂತೆ ಬೆರಳಿಡಬೇಕು. ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ. ಮೂರನೆಯವರು ಬರೆದುಕೊಳ್ಳಬೇಕು. ನಮ್ಮಲ್ಲಿ ಬರೆಯುವ ಕೆಲಸ ಏಳನೇ ಕ್ಲಾಸಿನ ಮಗಳದ್ದು. ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅವಳ ನೋಟ್‌ಬುಕ್ಕು.

ಬೆರಳಿಗೆ ಮೊದಲು ಸಿಕ್ಕಿದ್ದು ಬೆಲ್ ಕ್ರ್ಯಾಂಕ್, ಅಂದರೆ ಒಂದು ಪಿನ್ನಿನ ಮೇಲೆ ತಿರುಗುವ ತೋಳು. ಈ ಜೀಪಿನಲ್ಲಿ ಸ್ಟೀರಿಂಗ್ ಬಾಕ್ಸಿನ ಕಡೆಯ ಸಲಾಕೆ, ಅಂದರೆ ಡ್ರ್ಯಾಗ್ ಲಿಂಕ್, ಬಂದು ಸೇರುವುದು ಬೆಲ್ ಕ್ರ್ಯಾಂಕಿಗೆ, ಅಲ್ಲಿಂದ ಎರಡು ಟೈ ರಾಡ್ ಎಂಬ ಸಲಾಕೆಗಳು ಎರಡು ಗಾಲಿಗೆ. ಹಾಗಾಗಿ ಅದರ ಪಿನ್ನಿನ ಸವೆತ ಎರಡೂ ಗಾಲಿಗೆ ಹಂಚಿಹೋಗುತ್ತದೆ. ಮೂಲದಲ್ಲಿ ಅಲ್ಲಿರುವುದು ಸೂಜಿ ಬೇರಿಂಗ್. ಗ್ರೀಸ್ ಹೋಗದೆ ನೀರು ಹೋದರೆ ಸೂಜಿಗಳು ಪಿನ್ನಿನ ಮೇಲೆ ಗೀರು ಕೊರೆಯುತ್ತವೆ. ನಮ್ಮ ಪಿನ್ 0.4 ಮಿ.ಮೀ. ಸವೆದಿತ್ತು. ಲೇತಿನಲ್ಲಿ ಇಎನ್ 8 ಉಕ್ಕಿನ ಹೊಸ ಪಿನ್ ಮತ್ತು ಗನ್‌ಮೆಟಲ್ ಬುಷ್ ಮಾಡಿಸಿ, ಬುಷ್ಷಿನೊಳಗೆ ಗ್ರೀಸ್ ಹರಿಯಲು ಕಾಲುವೆ ಕೊರೆಸಿ, 0.05 ಮಿ.ಮೀ. ಸಡಿಲ ಬಿಟ್ಟು ಕೂರಿಸಿದ್ದಾಯಿತು. ಕೆಸರಿನಲ್ಲಿ ಓಡುವ ಜೀಪಿಗೆ ಸೂಜಿಗಿಂತ ಬುಷ್ಷೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ನಾಲ್ಕು ಟೈ ರಾಡ್ ಎಂಡ್, ಅಂದರೆ ಆ ಸಲಾಕೆಗಳ ತುದಿಯ ಕೀಲುಗಳು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು. ನಾಲ್ಕರಲ್ಲಿ ಒಂದರ ಟೇಪರ್ (ತುದಿಗೆ ಸಪೂರಾಗುವ ಭಾಗ) ತೂತಿಗೆ ಸರಿಯಾಗಿ ಕೂರಲಿಲ್ಲ. ನಟ್ ಬಿಗಿಯಾದರೂ ಒಳಗೆ ಬೆಣೆ ಹಿಡಿಯದೆ ತಿರುಗುತ್ತಿತ್ತು. ಮಾರ್ಕರ್ ಪೆನ್ನಿನಿಂದ ಟೇಪರಿಗೆ ಮಸಿ ಬಳಿದು, ಕೂರಿಸಿ ತಿರುಗಿಸಿ ತೆಗೆದು ನೋಡಿ: ಮಸಿ ಸುತ್ತಲೂ ಅಳಿಸಿರಬೇಕು. ಮೇಲಿನ ಅಂಚಿನಲ್ಲಿ ಮಾತ್ರ ಉಂಗುರದಂತೆ ಅಳಿಸಿದ್ದರೆ ಆ ಮಾಲು ವಾಪಸ್. ಅಂಗಡಿಯವರು ಒಂದು ಬಾರಿಗೇ ಒಪ್ಪಿದರು ಎನ್ನಲಾರೆ. ‘ಸ್ವಲ್ಪ ಓಡಿಸಿ, ಸೆಟ್ ಆಗುತ್ತೆ’ ಎಂದರು. ಟೇಪರ್ ಯಾವತ್ತೂ ಓಡಿಸಿ ಸೆಟ್ ಆಗುವುದಿಲ್ಲ, ತೂತು ಅಗಲವಾಗುತ್ತದೆ ಅಷ್ಟೇ.

ಡ್ರ್ಯಾಗ್ ಲಿಂಕಿನ ಪ್ಲಗ್‌ಗಳನ್ನು ಸರ್ವಿಸ್ ಪುಸ್ತಕದ ಪ್ರಕಾರ ಸರಿಮಾಡಿದೆವು: ಬಾಲಿಗೆ ಒತ್ತುವವರೆಗೆ ಪೂರ್ತಿ ಬಿಗಿ, ಆಮೇಲೆ ಮುಂದಿನ ತುದಿ ಅರ್ಧ ಸುತ್ತು ಸಡಿಲ, ಹಿಂದಿನ ತುದಿ ಒಂದು ಸುತ್ತು ಸಡಿಲ, ಹೊಸ ಕಾಟರ್ ಪಿನ್. ಹಬ್ ಬೇರಿಂಗುಗಳನ್ನು (ಸಂಖ್ಯೆ 18590, ಅದು ಕೂರುವ ಹೊರಗಿನ ಕಪ್ 18520) ಗಾಲಿ ಹಿಡಿಯುವವರೆಗೆ ಬಿಗಿದು ಆರನೇ ಒಂದು ಸುತ್ತು ಬಿಟ್ಟದ್ದಾಯಿತು. 6.00-16 ಟೈರುಗಳನ್ನು ಹಿಂದೆ ಮುಂದೆ ಬದಲಿಸಿ ನೋಡಿದೆವು. ಇಲ್ಲಿ ಒಂದು ಎಚ್ಚರಿಕೆ: ಎಡಗಡೆಯ ಗಾಲಿಗಳ ನಟ್ ಎಡ ಥ್ರೆಡ್. ಗೊತ್ತಿಲ್ಲದವರು ಉದ್ದನೆ ಪೈಪು ಹಾಕಿ ನಿಂತು ತುಳಿದರೆ ಸ್ಟಡ್ ಮುರಿಯುತ್ತದೆ.

ಟೈರು ಬದಲಿಸಿದ ಮೇಲೆ ನಡುಕ 45ರ ಬದಲು 50ಕ್ಕೆ ಶುರುವಾಯಿತು. ಅಂದರೆ ಟೈರು ಕಿಡಿ ಹೊತ್ತಿಸುತ್ತಿತ್ತು, ಉರಿಯುವ ಸೌದೆ ಬೇರೆ ಕಡೆ ಇತ್ತು.

ಉಳಿದದ್ದು ಕಿಂಗ್‌ಪಿನ್, ಅಂದರೆ ಗಾಲಿ ಎಡಬಲ ತಿರುಗುವ ನೆಟ್ಟನೆಯ ಕೀಲು. ಸ್ಪೈಸರ್ 25 ಮಾದರಿಯ ಆಕ್ಸಲಿನ ಮುಚ್ಚಿದ ನಕಲ್‌ನಲ್ಲಿ (ಗಾಲಿಯನ್ನು ಹೊತ್ತು ತಿರುಗುವ ಭಾಗ) ಮೇಲೊಂದು ಕೆಳಗೊಂದು ಟೇಪರ್ ಬೇರಿಂಗ್, 11590 ಮತ್ತು ಕಪ್ 11520. ಕ್ಯಾಪಿನಡಿ ಇರುವ ಶಿಮ್‌ಗಳಿಂದ (ತೆಳು ತಗಡಿನ ಬಿಲ್ಲೆಗಳು) ಬಿಗಿ ಹೊಂದಿಸಬೇಕು. ಶಿಮ್ ತೆಗೆದಷ್ಟೂ ಬಿಗಿ. ಈ ಬಿಗಿಯೇ ನಡುಕವನ್ನು ಹಿಡಿದಿಡುವ ಬ್ರೇಕು. ಗಾಲಿ ಅಲುಗಿದಾಗ ಬೇರಿಂಗಿನ ತಿಕ್ಕಾಟ ಆ ಅಲುಗಾಟವನ್ನು ನುಂಗಿಕೊಳ್ಳಬೇಕು. ಬಿಗಿ ಇಲ್ಲದಿದ್ದರೆ ಒಂದು ಅಲುಗಾಟ ಮುಂದಿನದನ್ನು ಎಬ್ಬಿಸುತ್ತದೆ.

ಬಿಚ್ಚಿದಾಗ ಹಳೇ ಕಪ್ಪುಗಳಲ್ಲಿ ರೋಲರುಗಳ ಅಚ್ಚು ಸಾಲಾಗಿ ಬಿದ್ದಿತ್ತು. ಎಲ್ಲವೂ ಗಾಲಿ ನೇರ ಇರುವ ಜಾಗದಲ್ಲೇ. ವರ್ಷಗಟ್ಟಲೆ ಸಡಿಲವಾಗಿ ಓಡಿ, ಪ್ರತಿ ಗುಂಡಿಗೂ ಏಟು ತಿಂದು ಬಿದ್ದ ಕುಳಿಗಳವು. ಇಂಥ ಕಪ್ಪಿನಲ್ಲಿ ಶಿಮ್ ತೆಗೆದು ಬಿಗಿ ಮಾಡಲು ಹೋಗಬಾರದು. ನೇರ ಇದ್ದಾಗ ರೋಲರು ಕುಳಿಗೆ ಇಳಿದು ಬಿಗಿ ಕಡಿಮೆ ತೋರಿಸುತ್ತದೆ, ತಿರುಗಿಸಿದಾಗ ಕುಳಿಯಿಂದ ಹತ್ತಿ ವಿಪರೀತ ಬಿಗಿಯಾಗುತ್ತದೆ. ಹೊಸ ಕಪ್ಪುಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಹಿತ್ತಾಳೆ ಕಂಬಿಯ ನಾಲ್ಕು ಏಟಿಗೆ ಕೂರುತ್ತವೆ. ಐಸ್‌ಕ್ರೀಮಿನ ಡಬ್ಬಿ ತೆಗೆಯಲು ಹೋದ ಮಕ್ಕಳ ಕೈಗೆ ಬೇರಿಂಗ್ ಕಪ್ಪು ಸಿಕ್ಕರೆ ಮನೆಯಲ್ಲಿ ಒಂದು ದಿನದ ನಗು ಗ್ಯಾರಂಟಿ.

ಶಿಮ್ ಪೊಟ್ಟಣದ ಕಥೆಯೇ ಬೇರೆ. ಬರಬೇಕಾದ್ದು 0.003, 0.005, 0.010, 0.030 ಇಂಚಿನವು. ಬಂದದ್ದರಲ್ಲಿ 0.003 ಎಂದು ಬರೆದ ಶಿಮ್‌ಗಳು ಮೈಕ್ರೋಮೀಟರಿನಲ್ಲಿ 0.006 ತೋರಿಸಿದವು. ಮೇಲಿನ ಚೀಟಿ ನಂಬಿದ್ದರೆ ಲೆಕ್ಕವೆಲ್ಲ ದುಪ್ಪಟ್ಟು. ಒಂದೊಂದನ್ನೂ ಅಳೆದು ಮಾರ್ಕರಿನಲ್ಲಿ ಬರೆದಿಡಿ. ಇನ್ನೊಬ್ಬ ಮಾರಾಟಗಾರರು ಸಿಜೆ3ಬಿ ಕಿಟ್ ಎಂದು ಹೇಳಿ ಎಂಎಂ540 ಎಂಬ ಬೇರೆ ಜೀಪಿನದನ್ನು ಕಳಿಸಿದ್ದರು. ಹಣ ಕಳಿಸುವ ಮುಂಚೆ ಬೇರಿಂಗಿನ ಮೇಲೆ ಕೊರೆದಿರುವ ಸಂಖ್ಯೆಯ ಫೋಟೊ ಕೇಳಿ. ಡಬ್ಬಿಯ ಫೋಟೊ ಸಾಲದು.

ನಿಗದಿತ ಬಿಗಿ: ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದರೆ 12ರಿಂದ 16 ಪೌಂಡ್, ಅಂದರೆ ಸುಮಾರು 5.4ರಿಂದ 7.3 ಕಿಲೋ. ತಕ್ಕಡಿಗೆ ಹುಡುಕಬೇಕಿಲ್ಲ, ಮೆಣಸು ತೂಗುವ ಹತ್ತು ಕಿಲೋದ ಕೊಕ್ಕೆ ತಕ್ಕಡಿ ಮಲೆನಾಡಿನ ಯಾವ ಮನೆಯಲ್ಲಿಲ್ಲ? ನಮ್ಮದು ಅಜ್ಜನ ಕಾಲದ್ದು. ಬಕೆಟ್ಟನ್ನು ಖಾಲಿ ತೂಗಿ, ಐದು ಲೀಟರ್ ನೀರು ಹಾಕಿ ಮತ್ತೆ ತೂಗಿದಾಗ ಸರಿಯಾಗಿ ಐದು ಕಿಲೋ ಹೆಚ್ಚು ತೋರಿಸಿತು.

ಹೊಸ ಬೇರಿಂಗ್, ಅಳೆದ ಶಿಮ್, ತಕ್ಕಡಿಯಲ್ಲಿ 6.2 ಕಿಲೋ. ಎಲ್ಲ ಜೋಡಿಸಿ ರಸ್ತೆಗಿಳಿಸಿದರೆ ನಡುಕ ಹಾಗೇ ಇತ್ತು! ಎರಡು ವಾರ ಇಲ್ಲಿಯೇ ಸಿಕ್ಕಿಹಾಕಿಕೊಂಡೆವು.

ಉತ್ತರ ನೋಟ್‌ಬುಕ್ಕಿನಲ್ಲೇ ಇತ್ತು. ‘6.2, ಫೆಲ್ಟ್ ಹಾಕಿದ ಮೇಲೆ’ ಎಂದು ಮಗಳು ಬರೆದಿದ್ದಳು. ನಕಲಿನ ಹಿಂಬದಿಯಲ್ಲಿ ಆಕ್ಸಲಿನ ತುದಿಯ ಗುಂಡನ್ನು ಅಪ್ಪಿ ಹಿಡಿಯುವ ಆಯಿಲ್ ಸೀಲ್ ಮತ್ತು ಫೆಲ್ಟ್ (ಉಣ್ಣೆಯ ಪಟ್ಟಿ) ಹಾಕಿಯೇ ಅಳೆದಿದ್ದೆವು. 12–16 ಪೌಂಡಿನ ಲೆಕ್ಕ ಸೀಲ್ ಇಲ್ಲದೆ, ಒಳಗಿನ ಶಾಫ್ಟ್ ಇಲ್ಲದೆ. ಹೊಸ ಸೀಲಿನ ಹಿಡಿತ ತಕ್ಕಡಿಗೆ ಬೇರಿಂಗಿನ ಬಿಗಿಯಂತೆಯೇ ಕಾಣುತ್ತದೆ. ಸೀಲ್ ಬಿಚ್ಚಿ ಅಳೆದರೆ ಎಡಗಡೆ 2.4 ಕಿಲೋ, ಬಲಗಡೆ 2.1. ಬೇರಿಂಗಿಗೆ ಬೇಕಾದ ಬಿಗಿಯ ಅರ್ಧವೂ ಸಿಕ್ಕಿರಲಿಲ್ಲ. ಸೀಲು ನಾಲ್ಕು ದಿನ ಓಡಿ ಮೆತ್ತಗಾದ ಮೇಲೆ ಆ ಹಿಡಿತವೂ ಹೋಗಿತ್ತು.

ಮತ್ತೆ ಬಿಚ್ಚಿ ಸರಿಯಾದ ಕ್ರಮದಲ್ಲಿ ಮಾಡಿದ್ದು ಹೀಗೆ. ಬೇರಿಂಗಿಗೆ ಗ್ರೀಸ್ ತುಂಬದೆ ತೆಳುವಾಗಿ ಎಣ್ಣೆ ಸವರಿದೆವು. ಮೇಲೆ ಕೆಳಗೆ ಸಮ ದಪ್ಪದ ಶಿಮ್ ಹಾಕಿದೆವು, ಇಲ್ಲದಿದ್ದರೆ ನಕಲ್ ಮೇಲಕ್ಕೋ ಕೆಳಕ್ಕೋ ಸರಿದು ಶಾಫ್ಟಿನ ಜಾಯಿಂಟ್ ನಡುವಿಗೆ ಬರುವುದಿಲ್ಲ. ಕ್ಯಾಪ್ ಬೋಲ್ಟ್ ಬಿಗಿದು, ಮರದ ಸುತ್ತಿಗೆಯಿಂದ ತಟ್ಟಿ, ನಕಲನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ಆಡಿಸಿದ ಮೇಲೆಯೇ ಅಳತೆ. ತಕ್ಕಡಿಯನ್ನು ನಕಲಿನ ತೋಳಿಗೆ ಅಡ್ಡವಾಗಿ, ಲಂಬ ಕೋನದಲ್ಲಿ ಎಳೆಯಬೇಕು. ಹೊರಡುವಾಗಿನ ಜರ್ಕಿನ ಅಂಕಿ ಬೇಡ, ನಿಧಾನಕ್ಕೆ ತಿರುಗುತ್ತಿರುವಾಗ ಮುಳ್ಳು ನಿಲ್ಲುವ ಅಂಕಿ ಬೇಕು. ಎಡಗಡೆ ಮೇಲೊಂದು ಕೆಳಗೊಂದು 0.003 ತೆಗೆದಾಗ 4.6 ಕಿಲೋ, ಮೇಲಿನಿಂದ ಇನ್ನೊಂದು 0.003 ತೆಗೆದಾಗ 6.5. ಅಷ್ಟು ಸಣ್ಣ ವ್ಯತ್ಯಾಸ ಪರವಾಗಿಲ್ಲ. ಬಲಗಡೆ ಮೇಲೊಂದು ಕೆಳಗೊಂದು 0.005 ತೆಗೆದಾಗ 6.7. ಆಮೇಲೆ ಬಿಚ್ಚಿ ಗ್ರೀಸ್ ತುಂಬಿ, ಅವೇ ಶಿಮ್‌ಗಳನ್ನು ಅವೇ ಜಾಗಕ್ಕೆ ಹಾಕಿ, ಎಣ್ಣೆಯಲ್ಲಿ ನೆನೆಸಿದ ಫೆಲ್ಟ್ ಮತ್ತು ಸೀಲ್.

ಕ್ಯಾಪಿನ 3/8 ಇಂಚಿನ ಬೋಲ್ಟುಗಳಿಗೆ 9/16ರ ಪಾನಾ ಇಟ್ಟುಕೊಳ್ಳಿ. 14ರದ್ದು ತೂರುವುದಿಲ್ಲ, 15ರದ್ದು ಮೂಲೆ ತಿನ್ನುತ್ತದೆ.

ನಡುಕ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲಿನ ಕಾರಣ ಶ್ಯಾಕಲ್, ಅಂದರೆ ಪಾಟಾವನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಸೇರಿಸುವ ಕೊಂಡಿ. ಹಿಂದಿನ ಮಾಲೀಕರು ಜೀಪು ಎತ್ತರ ಕಾಣಲೆಂದು ಮುಂದೆ 38 ಮಿ.ಮೀ. ಉದ್ದ ಹೆಚ್ಚಿರುವ ಶ್ಯಾಕಲ್ ಹಾಕಿಸಿದ್ದರು. ಈ ಜೀಪಿನಲ್ಲಿ ಮುಂದಿನ ಪಾಟಾದ ಶ್ಯಾಕಲ್ ಇರುವುದು ಮುಂದಿನ ತುದಿಗೆ. ಅದು ಉದ್ದವಾದಷ್ಟೂ ಪಾಟಾದ ಮೂತಿ ಕೆಳಗಿಳಿದು, ಆಕ್ಸಲಿನ ತಲೆ ಮುಂದಕ್ಕೆ ವಾಲುತ್ತದೆ. ಪಾಟಾದ ಎರಡು ಕಣ್ಣುಗಳ ನಡುವೆ ನಮ್ಮಲ್ಲಿ 92 ಸೆಂ.ಮೀ. ಹಾಗಾಗಿ 38 ಮಿ.ಮೀ.ಗೆ ಸುಮಾರು 2.4 ಡಿಗ್ರಿ ವಾಲುತ್ತದೆ. ಇರಬೇಕಾದ ಕ್ಯಾಸ್ಟರ್ (ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ) 3 ಡಿಗ್ರಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮೇಲಿನ ಕಿಂಗ್‌ಪಿನ್ ಕ್ಯಾಪಿನ ಸಪಾಟಾದ ಜಾಗದ ಮೇಲೆ ಕೋನಮಾಪಕ ಇಟ್ಟಾಗ ಸಿಕ್ಕಿದ್ದು ಅರ್ಧ ಡಿಗ್ರಿ. ಲೆಕ್ಕಕ್ಕೆ ಲೆಕ್ಕ ಕೂಡಿತು. ಕ್ಯಾಸ್ಟರ್ ಇಲ್ಲದ ಗಾಲಿ ತಾನಾಗಿ ನೆಟ್ಟಗಾಗಲು ಬಯಸುವುದಿಲ್ಲ.

ಮೂಲ ಅಳತೆಯ ಯು ಆಕಾರದ ಶ್ಯಾಕಲ್ ವಾಪಸ್ ಹಾಕಿದೆವು. ಅದರ ಥ್ರೆಡ್ ಬುಷ್ಷುಗಳಲ್ಲಿ ಕೆಲವು ಎಡ ಥ್ರೆಡ್, ಬಿಚ್ಚುವಾಗಲೇ ಯಾವುದು ಎಲ್ಲಿಯದೆಂದು ಗುರುತು ಹಾಕಿ. ಎತ್ತರ ಬೇಕೇ ಬೇಕು ಎನ್ನುವವರು ಆಕ್ಸಲ್ಲಿಗೂ ಪಾಟಾಕ್ಕೂ ನಡುವೆ 2 ಡಿಗ್ರಿ ಬೆಣೆ ಹಾಕಬಹುದು. ಮೂಲ ಜೋಡಣೆಯಲ್ಲಿ ಪಾಟಾ ಆಕ್ಸಲಿನ ಕೆಳಗಿರುವುದರಿಂದ ಬೆಣೆಯ ದಪ್ಪ ತುದಿ ಮುಂದಕ್ಕೆ. ಪಾಟಾವನ್ನು ಆಕ್ಸಲಿನ ಮೇಲಕ್ಕೆ ಏರಿಸಿದ ಜೀಪಾದರೆ ದಪ್ಪ ತುದಿ ಹಿಂದಕ್ಕೆ. ಇದು ತಿರುವುಮುರುವಾದರೆ ಕ್ಯಾಸ್ಟರ್ ಇನ್ನೂ ಕೆಡುತ್ತದೆ. ಬೆಣೆ ಉಕ್ಕಿನದೇ ಆಗಿರಲಿ. ಅಲ್ಯೂಮಿನಿಯಂ ಬೆಣೆ ಜಜ್ಜಿಹೋಗಿ ಯು ಬೋಲ್ಟ್ ಸಡಿಲವಾಗುತ್ತದೆ. 3 ಡಿಗ್ರಿ ದಾಟಿಸಬೇಡಿ, ಪಿನಿಯನ್ ಮೂತಿ ಕೆಳಗಿಳಿದು ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸದ್ದು ಮಾಡಲು ಶುರುಮಾಡುತ್ತದೆ.

ಕೊನೆಗೆ ಟೋ ಇನ್, ಅಂದರೆ ಎರಡು ಗಾಲಿಗಳ ನಡುವಿನ ಅಂತರ ಹಿಂದಿಗಿಂತ ಮುಂದೆ ಎಷ್ಟು ಕಡಿಮೆ ಎಂಬುದು: 3/64ರಿಂದ 3/32 ಇಂಚು. ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮುಂದೆ ಹಿಂದೆ ಅಳೆದು, 2 ಮಿ.ಮೀ.ಗೆ ನಿಲ್ಲಿಸಿದೆವು.

ಮಳೆಗಾಲಕ್ಕೆ ಒಂದು ಮಾತು. ನಕಲಿನ ಗುಂಡಿನ ಮೇಲೆ ತುಕ್ಕಿನ ಕುಳಿ ಬಿದ್ದರೆ ಹೊಸ ಫೆಲ್ಟ್ ಒಂದೇ ಮಳೆಗಾಲದಲ್ಲಿ ಹರಿಯುತ್ತದೆ. ನಮ್ಮದಕ್ಕೆ ಎಪಾಕ್ಸಿ ತುಂಬಿ 400ರ ಎಮರಿ ಹಾಳೆಯಲ್ಲಿ ನುಣ್ಣಗೆ ಮಾಡಿದ್ದೇವೆ. ಕೆಸರಿನಿಂದ ಬಂದು ನಿಲ್ಲಿಸುವ ಮೊದಲು ಸ್ಟೀರಿಂಗನ್ನು ಎರಡೂ ತುದಿಗೆ ಒಮ್ಮೆ ತಿರುಗಿಸಿದರೆ ಫೆಲ್ಟೇ ಗುಂಡನ್ನು ಒರೆಸುತ್ತದೆ.

ಮುಂದಿನ ಕೆಲಸ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ. ಗೇರ್‌ಬಾಕ್ಸಿನ ಎಣ್ಣೆ ಸೀಲ್ ದಾಟಿ ಅದರೊಳಗೆ ಇಳಿಯುತ್ತಿದೆ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆ, ಕೇಸಿನಲ್ಲಿ ಹೆಚ್ಚಾಗಿ ಹ್ಯಾಂಡ್‌ಬ್ರೇಕ್ ಡ್ರಮ್ಮಿನೊಳಕ್ಕೆ ಸೋರುತ್ತಿದೆ. ನಡುವಿನ ಶಾಫ್ಟಿನ ಓ ರಿಂಗ್, ಸೂಜಿ ಬೇರಿಂಗ್, ಥ್ರಸ್ಟ್ ವಾಷರ್ ಮೂರೂ ಬದಲಿಸಬೇಕು. ಶಾಫ್ಟಿನ ದಪ್ಪ ಬೇರೆ ಬೇರೆ ಕಾಲದ ಕೇಸುಗಳಲ್ಲಿ 3/4, 1 1/8, 1 1/4 ಇಂಚು ಎಂದು ಮೂರು ಬಗೆ ಇರುವುದರಿಂದ, ಬಿಚ್ಚಿ ವರ್ನಿಯರಿನಲ್ಲಿ ಅಳೆಯುವವರೆಗೆ ಕಿಟ್ ತರಿಸುವುದಿಲ್ಲ. ಔಟ್‌ಪುಟ್ ಶಾಫ್ಟಿನ ಆಟ 0.004ರಿಂದ 0.008 ಇಂಚಿಗೆ ಬರಬೇಕು, ಅದಕ್ಕೂ ಶಿಮ್ಮೇ ಗತಿ. ಅದರ ನಂತರ ಗಾಲಿಗಳ 9 ಇಂಚಿನ ಬ್ರೇಕ್ ಡ್ರಮ್ ತೆಗೆದು 11 ಇಂಚಿನದು, ಜೊತೆಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್.

ಅಷ್ಟರೊಳಗೆ 500 ಕಿ.ಮೀ. ಓಡಿಸಿ, ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಸೀಲ್ ಬಿಚ್ಚಿ ಕಿಂಗ್‌ಪಿನ್ ತೂಗಬೇಕು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದೆ, ‘ಫೆಲ್ಟ್ ಇಲ್ಲದೆ’ ಎಂದು ಮೊದಲೇ ಬರೆದು.