ಕೊಡೆ ಮಾಸ್ತರು, ಪ್ರಾಣೇಶಾಚಾರ್ಯರು ಮತ್ತು ನನ್ನ ದೊಡ್ಡಪ್ಪ

ನಮ್ಮ ಕನ್ನಡ ಮಾಸ್ತರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಶಿರಸಿಯ ಕಾಲೇಜಿನಲ್ಲಿ ಅವರ ಕೈಯಲ್ಲಿ ಕಲಿತವರಿಗೆ ಹೆಸರಿಗಿಂತ ‘ಕೊಡೆ ಮಾಸ್ತರು’ ಎಂದರೇ ಗುರುತು. ಜೂನ್‌ನಿಂದ ದೀಪಾವಳಿಯವರೆಗೆ ಅವರ ದೊಡ್ಡ ಕೊಡೆ ತರಗತಿಯ ಮೂಲೆಯಲ್ಲಿ ಬಿಚ್ಚಿಕೊಂಡು ಒಣಗುತ್ತಿತ್ತು. ಅದರ ಮರೆಯಲ್ಲಿ ಕುಳಿತವರು ಆರಾಮವಾಗಿ ನಿದ್ದೆ ಮಾಡಬಹುದಿತ್ತು. ಬೇಸಿಗೆಯಲ್ಲಿ ಬಿಸಿಲಿಗೂ ಅದೇ ಕೊಡೆ. ಬಿ.ಎ.ಯಲ್ಲಿ ಏನೇನು ಓದಿದೆನೋ, ಎಲ್ಲವೂ ಅಳಿಸಿಹೋಗಿದೆ. ಅನಂತಮೂರ್ತಿಯವರ ‘ಸಂಸ್ಕಾರ’ ಮಾತ್ರ ಉಳಿದಿದೆ.

1965ರಲ್ಲಿ ಬಂದ ಆ ಕಾದಂಬರಿಯನ್ನು ನಮ್ಮ ಮನೆಯ ಹಿರಿಯರು ಓದದೆಯೇ ಬೈಯುತ್ತಿದ್ದರು. ಅಗ್ರಹಾರದಲ್ಲಿ, ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರವಿಲ್ಲ. ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ಮಾರುತಿಯ ಮುಂದೆ ಪ್ರಸಾದ ಕೇಳಿ, ಎಂದರೆ ಹೂವು ಬೀಳಿಸಿ ಹೌದೋ ಅಲ್ಲವೋ ಹೇಳು ಎಂದು ಬೇಡಿ, ಕೂರುತ್ತಾರೆ. ಹೂವು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಇಷ್ಟು ಓದಿ ಮಾಸ್ತರು, ‘ಮುಂದಿನ ವಾರ ಮೇಳಿಗೆಯ ಜಾತ್ರೆ’ ಎಂದು ಪುಸ್ತಕ ಮುಚ್ಚಿದರು.

ಮುಂದಿನ ವಾರ ಶಿರಸಿಯಲ್ಲೇ ಮಾರಿಕಾಂಬೆಯ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವುದನ್ನು ಬಿಟ್ಟು ಕಾದಂಬರಿಯ ಜಾತ್ರೆಗೆ ಹೋಗುವವರು ಯಾರು? ಐದಾರು ಮಂದಿ ತರಗತಿ ತಪ್ಪಿಸಿ ತೊಟ್ಟಿಲು ಹತ್ತಿದೆವು. ಮೇಲೆ ಹೋದಾಗ ಕೆಳಗೆ ಆ ಕೊಡೆ ಕಾಣಿಸಿತು. ಇಳಿಯದೆ ಗತಿಯಿಲ್ಲ. ಮಾಸ್ತರು ಬೈಯಲಿಲ್ಲ. ಮಿರ್ಚಿ ಭಜಿ ಕೊಡಿಸಿ, ಹೆಂಡತಿ ತೀರಿದ ಸೂತಕದಲ್ಲಿದ್ದ ಆಚಾರ್ಯರು ದಾರಿಯಲ್ಲಿ ಜೊತೆಯಾದ ಪುಟ್ಟನೊಂದಿಗೆ ಜಾತ್ರೆ ಸುತ್ತಿ ದೇವಸ್ಥಾನದ ಪಂಕ್ತಿಯಲ್ಲಿ ಉಣ್ಣಲು ಕುಳಿತದ್ದನ್ನು ಆ ಗದ್ದಲದಲ್ಲೇ ಪಾಠ ಮಾಡಿ ಮುಗಿಸಿದರು, ಹಾಜರಿಯನ್ನೂ ಹಾಕಿದರು. ಈಗಿನ ಬೆರಳೊತ್ತುವ ಹಾಜರಾತಿ ಯಂತ್ರ ಇದಕ್ಕೆಲ್ಲ ಒಪ್ಪುವುದಿಲ್ಲ. ನನ್ನ ಮಗಳು ಇದೇ ಕಾದಂಬರಿಯ ಸಾರಾಂಶವನ್ನು ಮೊಬೈಲಿನಲ್ಲಿ ಓದಿ ಪರೀಕ್ಷೆ ಗೆದ್ದಳು. ಪುಟ್ಟ ಯಾರೆಂದು ಅವಳಿಗೆ ಗೊತ್ತಿಲ್ಲ.

ಕಾಲೇಜಿನ ಪರೀಕ್ಷೆಯಲ್ಲಿ ನಾನು ಆಚಾರ್ಯರ ಜೊತೆಗೆ ದೊಡ್ಡಪ್ಪನನ್ನೂ ಬರೆದೆ. ಅವನು ನಮ್ಮೂರ ಗಣಪತಿಯ ಅರ್ಚಕ. ಮದುವೆ, ಬಾವಿ, ತಪ್ಪಿಸಿಕೊಂಡ ದನ, ಎಲ್ಲದಕ್ಕೂ ಜನ ಅವನಲ್ಲಿಗೆ ಪ್ರಸಾದ ಕೇಳಲು ಬರುತ್ತಿದ್ದರು. ದೊಡ್ಡಮ್ಮನಿಗೆ ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ತನಗಾಗಿ ಕೇಳಿದ. ಬೆಳಗಿನವರೆಗೆ ಕುಳಿತರೂ ಒಂದು ಎಸಳು ಕದಲಲಿಲ್ಲ. ಮೊದಲ ಬಸ್ಸಿಗೇ ಅವಳನ್ನು ಹತ್ತಿಸಿಕೊಂಡು ಹೊರಟ; ದೇವಿಮನೆ ಘಟ್ಟ ಇಳಿಯುವ ತನಕ ಬಾಯಿ ಬಿಡಲಿಲ್ಲವಂತೆ.

ದೊಡ್ಡಮ್ಮ ಗುಣವಾಗಿ ಬಂದಳು. ದೊಡ್ಡಪ್ಪನ ಸಂಕಟ ಶುರುವಾದದ್ದೇ ಆಮೇಲೆ. ದೇವರು ಸುಮ್ಮನಿದ್ದರೂ ಕೆಲಸ ಆಯಿತೆಂದರೆ, ಇಷ್ಟು ವರ್ಷ ಊರವರಿಗೆ ಬಿದ್ದ ಹೂವುಗಳ ಗತಿಯೇನು? ಪೂಜೆ ಬಿಡಲಿಲ್ಲ, ಪ್ರಸಾದ ಕೇಳುವುದನ್ನು ಬಿಟ್ಟ. ಬಂದವರಿಗೆ ‘ನೀವೇ ಯೋಚನೆ ಮಾಡಿ’ ಎನ್ನುತ್ತಿದ್ದ. ಊರಿಗೆ ಅದು ಅಹಂಕಾರವಾಗಿ ಕಂಡಿತು.

ಆಚಾರ್ಯರಿಗೆ ಅಗ್ರಹಾರ ಬಿಟ್ಟು ನಡೆದುಬಿಡುವ ದಾರಿಯಿತ್ತು, ದೊಡ್ಡಪ್ಪ ಮಾತ್ರ ಮರುದಿನವೂ ಅದೇ ಗಣಪತಿಗೆ ನೀರು ಹೊಯ್ಯಬೇಕಾಗಿತ್ತು, ಆದ್ದರಿಂದ ಅವನ ಪಾಡೇ ಹೆಚ್ಚು ಕಠಿಣ ಎಂದು ಬರೆದಿದ್ದೆ. ನಾನೇ ಹೇಳಿಕೊಳ್ಳಬಾರದು, ಅತಿ ಹೆಚ್ಚು ಅಂಕ ಬಂದದ್ದು ಆ ಉತ್ತರಕ್ಕೇ. ಮಾಸ್ತರು ಅದನ್ನು ತರಗತಿಯಲ್ಲಿ ಓದಿಸಿ, ‘ಪುಸ್ತಕವನ್ನು ದೊಡ್ಡಪ್ಪನಿಗೇ ಕೊಟ್ಟು ನೋಡು’ ಎಂದರು.

ಮುಂದಿನ ಸುಗ್ಗಿಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಾನು ಓದಿದೆ, ಅವನು ಕೇಳಿದ. ಕೊನೆಗೆ, ‘ಈ ಆಚಾರ್ಯರಿಗೆ ತೋಟ ಇರಲಿಲ್ಲವೇನೋ? ಕೊನೆಕೊಯ್ಲು ಬಿಟ್ಟು ಹೀಗೆ ಊರೂರು ತಿರುಗಲು ಸಾಧ್ಯವೇ?’ ಎಂದ.

ಮಾಸ್ತರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಂದ ವಿದ್ಯಾರ್ಥಿಗಳಿಗೆಲ್ಲ ಈ ಮಾತನ್ನು ಹೇಳುತ್ತಿದ್ದರೆಂದು ಅವರ ಶ್ರದ್ಧಾಂಜಲಿ ಸಭೆಯಲ್ಲಿ ತಿಳಿಯಿತು. ಅದನ್ನು ನೆನೆದವರೆಲ್ಲ ‘ಯಾರೋ ಒಬ್ಬ ಅರ್ಚಕರು’ ಎಂದಷ್ಟೇ ಅಂದರು. ಆ ಅರ್ಚಕ ನನ್ನ ದೊಡ್ಡಪ್ಪನೆಂದು ಈ ಸಂಚಿಕೆಯಲ್ಲಾದರೂ ಅಚ್ಚಾಗಲಿ.